ಗದ್ದಲದ ನಡುವೆಯೂ ಒಂದೇ ದನಿ: ಬೇಕಾದ ಮಾತನ್ನು ಮಿದುಳು ಹೆಕ್ಕಿಕೊಳ್ಳುವುದು ಹೇಗೆ?

ಮದುವೆ ಮನೆಯ ಊಟದ ಪಂಕ್ತಿ. ಅತ್ತ ವಾಲಗ, ಇತ್ತ ಬಡಿಸುವವರ ಕೂಗು, ಮಕ್ಕಳ ಗಲಾಟೆ, ನೂರಾರು ಜನರ ಮಾತು. ಇಷ್ಟರ ನಡುವೆಯೂ ಪಕ್ಕದ ಎಲೆಗೆ ಕುಳಿತವರು ಹೇಳಿದ್ದು ನಮಗೆ ತಿಳಿಯುತ್ತದೆ. ಅದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಹೆಚ್ಚಾಗಿ ಸಿಗುವುದು ಗದ್ದಲ ಮಾತ್ರ. ಮೊಬೈಲಿಗೂ ನಮ್ಮ ಕಿವಿಗೂ ಬಿದ್ದದ್ದು ಹೆಚ್ಚುಕಡಿಮೆ ಒಂದೇ ಸದ್ದು. ಅದರಿಂದ ಮಾತನ್ನು ಹೆಕ್ಕಿ ತೆಗೆಯುವುದು ಮಿದುಳು.

ಈ ಕೆಲಸ ಎಲ್ಲರಿಗೂ ಸಲೀಸಲ್ಲ. "ಮಾತು ಕೇಳಿಸುತ್ತದೆ, ಆದರೆ ಏನು ಹೇಳಿದರೆಂದು ಗೊತ್ತಾಗುವುದಿಲ್ಲ" ಎಂದು ಹಿರಿಯರು ದೂರುವುದುಂಟು. ಗಮನ ಕೊಡುತ್ತಿಲ್ಲ ಎಂದು ಮನೆಯವರು ಗದರುವುದೂ ಉಂಟು. ಹಿರಿಯರ ಈ ದೂರಿನಲ್ಲಿ ಹುರುಳಿದೆ ಎನ್ನುತ್ತದೆ ವಿಜ್ಞಾನ.

ಕಾಕ್‌ಟೇಲ್ ಪಾರ್ಟಿ ಸಮಸ್ಯೆ

ವಿಜ್ಞಾನಿಗಳು ಇದನ್ನು 'ಕಾಕ್‌ಟೇಲ್ ಪಾರ್ಟಿ ಸಮಸ್ಯೆ' ಎನ್ನುತ್ತಾರೆ. 1953ರಲ್ಲಿ ಬ್ರಿಟನ್ನಿನ ಕಾಲಿನ್ ಚೆರ್ರಿ ಹೆಡ್‌ಫೋನ್ ಮೂಲಕ ಒಂದೊಂದು ಕಿವಿಗೆ ಒಂದೊಂದು ಮಾತು ಕೇಳಿಸಿ, ಒಂದನ್ನು ಮಾತ್ರ ಗಟ್ಟಿಯಾಗಿ ಪುನರುಚ್ಚರಿಸಲು ಹೇಳಿದರು. ಕೇಳುಗರು ಅದನ್ನು ಸರಾಗವಾಗಿ ಮಾಡಿದರು. ಇನ್ನೊಂದು ಕಿವಿಯಲ್ಲಿ ಗಂಡು ದನಿ ಹೋಗಿ ಹೆಣ್ಣು ದನಿ ಬಂದರೆ ಅವರಿಗೆ ತಿಳಿಯುತ್ತಿತ್ತು. ಇಂಗ್ಲಿಷ್ ಬದಲು ಜರ್ಮನ್ ಮಾತು ಶುರುವಾದದ್ದು ಮಾತ್ರ ಗಮನಕ್ಕೆ ಬರಲಿಲ್ಲ. ಆದರೂ ಆ ಕಿವಿ ಪೂರ್ತಿ ಮುಚ್ಚಿರುವುದಿಲ್ಲ. ಅದರಲ್ಲಿ ತಮ್ಮದೇ ಹೆಸರು ಬಂದಾಗ ಕೆಲವರು ಗುರುತಿಸಿದರು ಎಂದು 1959ರಲ್ಲಿ ನೆವಿಲ್ ಮೊರೇ ತೋರಿಸಿದರು.

ಎರಡು ಕಿವಿಗಳ ಲೆಕ್ಕ

ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ತುಸು ತಡವಾಗಿ. ಈ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ತಲೆ ಅಡ್ಡ ಬರುವುದರಿಂದ ಎಡಗಿವಿಗೆ ಸದ್ದು ಕ್ಷೀಣವಾಗಿಯೂ ಕೇಳುತ್ತದೆ. ಈ ಎರಡು ವ್ಯತ್ಯಾಸಗಳಿಂದ ಯಾವ ದನಿ ಯಾವ ದಿಕ್ಕಿನದು ಎಂದು ಮಿದುಳು ಅಂದಾಜಿಸುತ್ತದೆ. ಒಂದು ಕಿವಿ ಮಂದವಾದವರಿಗೆ ಗದ್ದಲದಲ್ಲಿ ಮಾತು ಹಿಡಿಯುವುದು ಕಷ್ಟವಾಗಲು ಇದೇ ಕಾರಣ.

ದನಿಯ ಏರಿಳಿತವೂ ಸುಳಿವು ಕೊಡುತ್ತದೆ. ಗಂಡು ದನಿಯೊಂದು ಹೆಣ್ಣು ದನಿಯೊಂದು ಬೆರೆತಿದ್ದರೆ ಬೇರ್ಪಡಿಸುವುದು ಸುಲಭ, ಎರಡೂ ಒಂದೇ ಬಗೆಯವಾದರೆ ಕಷ್ಟ. ಬಹುಕಾಲ ಕೇಳಿ ಪರಿಚಯವಾದ ದನಿಯನ್ನು ಮಿದುಳು ಬೇಗ ಹಿಡಿಯುತ್ತದೆ.

ಮಿದುಳಿನೊಳಗೆ ಕಂಡದ್ದು

2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ನಿಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್ ಇದನ್ನು ನೇರವಾಗಿ ಅಳೆದರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗಾಗಿ ಮಿದುಳಿನ ಮೇಲೆ ವಿದ್ಯುದ್ವಾರ ಅಳವಡಿಸಿಕೊಂಡಿದ್ದ ರೋಗಿಗಳಿಗೆ ಅವರು ಎರಡು ದನಿಗಳನ್ನು ಒಟ್ಟಿಗೆ ಕೇಳಿಸಿ, ಒಂದಕ್ಕೆ ಗಮನ ಕೊಡಲು ಹೇಳಿದರು. ಶ್ರವಣ ಕೇಂದ್ರದಲ್ಲಿ ದಾಖಲಾದ ಚಟುವಟಿಕೆ, ಆ ಒಂದೇ ದನಿಯನ್ನು ಕೇಳಿಸಿದಾಗ ಕಾಣುವ ಚಟುವಟಿಕೆಯನ್ನೇ ಬಹುಮಟ್ಟಿಗೆ ಹೋಲುತ್ತಿತ್ತು. ಎಂದರೆ ಬೇಡದ ದನಿ ಅಲ್ಲಿಗೆ ಬರುವಷ್ಟರಲ್ಲೇ ಮಸುಕಾಗಿತ್ತು.

ಬಿಟ್ಟ ಸ್ಥಳ ತುಂಬುವ ಜಾಣತನ

ಎಷ್ಟು ಶೋಧಿಸಿದರೂ ಕೆಲವು ಅಕ್ಷರಗಳು ಗದ್ದಲದಲ್ಲಿ ಮುಳುಗಿಹೋಗುತ್ತವೆ. ಅವನ್ನು ಮಿದುಳು ಊಹಿಸಿ ತುಂಬುತ್ತದೆ. 1970ರಲ್ಲಿ ರಿಚರ್ಡ್ ವಾರೆನ್ ಒಂದು ವಾಕ್ಯದ ನಡುವಿನ ಧ್ವನಿಯೊಂದನ್ನು ಅಳಿಸಿ ಅಲ್ಲಿ ಕೆಮ್ಮು ಸೇರಿಸಿದರು. ಬಹುತೇಕ ಎಲ್ಲ ಕೇಳುಗರಿಗೂ ಪದ ಇಡಿಯಾಗಿಯೇ ಕೇಳಿಸಿತು.

ಈ ಊಹೆಗೆ ಬಂಡವಾಳ ಭಾಷೆ. ಸಂತೆಯ ಗಲಾಟೆಯಲ್ಲಿ 'ಕೊತ್ತಂ...ರಿ' ಎಂದಷ್ಟೇ ಕೇಳಿದರೂ ಕನ್ನಡಿಗರಿಗೆ ಸಾಕು. ಆಮೇಲೆ ಕಲಿತ ಭಾಷೆಯಲ್ಲಿ ಈ ಬಂಡವಾಳ ಕಡಿಮೆ. ಮನೆಯಲ್ಲಿ ಟಿವಿಯ ಮರಾಠಿಯೋ ತಮಿಳೋ ಚೆನ್ನಾಗಿ ಅರ್ಥವಾಗುವವರಿಗೂ ರೈಲ್ವೆ ಪ್ಲಾಟ್‌ಫಾರ್ಮಿನ ಪ್ರಕಟಣೆ ತಪ್ಪಿಹೋಗುವುದು ಹೀಗೆ. ತುಟಿಯ ಚಲನೆ ಕಂಡರೂ ಮಾತು ಹಿಡಿಯುವುದು ಸುಲಭ ಎಂಬುದು 1954ರಷ್ಟು ಹಿಂದೆಯೇ ಪ್ರಯೋಗದಲ್ಲಿ ಸಾಬೀತಾಗಿದೆ. ಮಾಸ್ಕ್ ಹಾಕಿದವರ ಮಾತು ತಿಳಿಯದಿರಲು ಇದೂ ಒಂದು ಕಾರಣ.

ತೊಡಕು ಎಲ್ಲಿ?

ವಯಸ್ಸಾದಂತೆ ಒಳಕಿವಿಯ ರೋಮಕೋಶಗಳು ನಶಿಸುತ್ತವೆ. ಮೊದಲು ಕುಗ್ಗುವುದು ಕೀಚಲು ಸದ್ದಿನ ಗ್ರಹಿಕೆ. 'ಸ', 'ಶ' ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ. ಹಾಗಾಗಿ ಮಾತು ಕೇಳಿಸಿದರೂ ಪದ ಕಲಸಿಹೋಗುತ್ತದೆ.

ಇನ್ನೊಂದು ಸಾಧ್ಯತೆ 2009ರಲ್ಲಿ ಹೊರಬಿತ್ತು. ಜೋರು ಸದ್ದಿಗೆ ಒಡ್ಡಿದ ಇಲಿಗಳ ಶ್ರವಣ ಶಕ್ತಿ ಪರೀಕ್ಷೆಯಲ್ಲಿ ಮೊದಲಿನಂತಾದರೂ, ರೋಮಕೋಶ ಮತ್ತು ನರಗಳ ನಡುವಿನ ಅನೇಕ ಕೊಂಡಿಗಳು ಶಾಶ್ವತವಾಗಿ ಕಳಚಿದ್ದನ್ನು ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲೀಬರ್‌ಮನ್ ಕಂಡರು. ಮನುಷ್ಯರಲ್ಲಿ ಇದರ ಪಾತ್ರದ ಬಗ್ಗೆ ಅಧ್ಯಯನ ನಡೆಯುತ್ತಿದೆ. ನಿಶ್ಶಬ್ದ ಕೋಣೆಯಲ್ಲಿ 'ಬೀಪ್' ಕೇಳಿಸಿ ಮಾಡುವ ಪರೀಕ್ಷೆಯಷ್ಟೇ ಸಾಲದು ಎಂಬುದಂತೂ ಸ್ಪಷ್ಟ. ಪದೇ ಪದೇ ಊಹಿಸುತ್ತ ಕೇಳುವುದರಿಂದ ಮಿದುಳು ದಣಿಯುತ್ತದೆ. ಕೊನೆಗೆ ಹಿರಿಯರು ಸಮಾರಂಭಗಳಿಗೆ ಬರುವುದನ್ನೇ ಬಿಡುತ್ತಾರೆ.

ಏನು ಮಾಡಬಹುದು?

* ಗದ್ದಲದಲ್ಲಿ ಮಾತು ಗ್ರಹಿಸುವ ಪರೀಕ್ಷೆ ಮಾಡುತ್ತಾರೆಯೇ ಎಂದು ಶ್ರವಣ ತಜ್ಞರನ್ನು ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ವಾಕ್ಯಗಳ ಪರೀಕ್ಷೆಗಳು ರೂಪುಗೊಂಡಿವೆ.
* ಹೊರರಾಜ್ಯದಲ್ಲಿದ್ದರೆ ಮಾತೃಭಾಷೆ ಕನ್ನಡ ಎಂದು ಮೊದಲೇ ತಿಳಿಸಿ. ಪರಭಾಷೆಯ ಪದಗಳಲ್ಲಿ ಪರೀಕ್ಷಿಸಿದರೆ ತೊಂದರೆ ಕಿವಿಯದೋ ಭಾಷೆಯದೋ ಎಂದು ಹೇಳುವುದು ಕಷ್ಟ.
* ಶ್ರವಣ ಸಾಧನ ಮಾತಿನ ಜೊತೆ ಸದ್ದನ್ನೂ ಹೆಚ್ಚಿಸಬಲ್ಲದು. ಎದುರಿನ ದನಿಗೆ ಆದ್ಯತೆ ಕೊಡುವ ಮೈಕ್ ಇದೆಯೇ ಎಂದು ವಿಚಾರಿಸಿ.
* ಹಿರಿಯರೊಡನೆ ಮಾತಾಡುವಾಗ ಟಿವಿ ಆರಿಸಿ, ಬೆಳಕಿನಲ್ಲಿ ಎದುರು ಕುಳಿತುಕೊಳ್ಳಿ. ಕಿರುಚುವುದಕ್ಕಿಂತ ನಿಧಾನವಾಗಿ, ಬಿಡಿಸಿ ಹೇಳುವುದು ಮೇಲು.
* ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳುವುದು ಸುರಕ್ಷಿತವಲ್ಲ. ಇಯರ್‌ಫೋನ್ ಬಳಸುವ ಯುವಜನರು ಇದನ್ನು ನೆನಪಿಡಬೇಕು.