ರಾಯಪುರಂನ ದಪ್ಪ ಫೈಲುಗಳು

ರೈಲಿನ ಇತಿಹಾಸ ಓದಿದವರಿಗೆ ಚೆನ್ನೈನ ರಾಯಪುರಂ ಗೊತ್ತು. 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಇಲ್ಲಿಂದ. ನನಗೆ ಮಾತ್ರ ಈ ಹೆಸರು ಕೇಳಿದರೆ ಸಕ್ಕರೆ ಕಾಯಿಲೆ ನೆನಪಾಗುತ್ತದೆ.

1948ರಲ್ಲಿ ಇಲ್ಲೇ ಹತ್ತಿರದ ಸ್ಟಾನ್ಲಿ ಆಸ್ಪತ್ರೆಯಲ್ಲಿ ಪ್ರೊ. ಎಂ. ವಿಶ್ವನಾಥನ್ ಸಕ್ಕರೆ ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ತೆರೆದರು. 1954ರಲ್ಲಿ ರಾಯಪುರಂನಲ್ಲಿ ಅವರದೇ ಆಸ್ಪತ್ರೆ ಬಂತು. ಪ್ರತ್ಯೇಕ ಕ್ಲಿನಿಕ್ಕಿನಲ್ಲಿ ಏನು ದೊಡ್ಡ ವಿಷಯ ಅನ್ನಬಹುದು. ಜ್ವರದವನು ಗುಣವಾದರೆ ಮತ್ತೆ ಬರುವುದಿಲ್ಲ. ಸಕ್ಕರೆಯವನು ಬದುಕಿರುವಷ್ಟು ದಿನ ಬರುತ್ತಾನೆ. ಒಂದೇ ಕಡೆ ಬಂದರೆ ಅವನ ಫೈಲು ದಪ್ಪವಾಗುತ್ತದೆ. ಡೇಟಾಬೇಸ್ ಕಟ್ಟಿ ಹೊಟ್ಟೆ ಹೊರೆಯುವ ನನಗೆ ಆ ದಪ್ಪದ ಬೆಲೆ ಗೊತ್ತು.

1922ರಲ್ಲಿ ಇನ್ಸುಲಿನ್ ಬರುವ ಮೊದಲು ಈ ಕಾಯಿಲೆಯ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಆಯುಸ್ಸು ಸಿಕ್ಕಿದ ಮೇಲೆ ಬೇರೆ ಕಾಟ ಶುರುವಾಯಿತು: ಕಣ್ಣು, ಮೂತ್ರಪಿಂಡ, ಪಾದದ ನರ. ಇವು ಹಾಳಾಗಲು ಹತ್ತಾರು ವರ್ಷ ಬೇಕು, ಒಂದು ದಿನದ ತಪಾಸಣೆಯಲ್ಲಿ ಗೊತ್ತಾಗುವುದಿಲ್ಲ. ಅಮೆರಿಕದ ಎಲಿಯಟ್ ಜಾಸ್ಲಿನ್ 1893ರಿಂದಲೇ ರೋಗಿಗಳ ವಿವರಗಳನ್ನು ಲೆಡ್ಜರಿನಲ್ಲಿ ಬರೆದಿಡತೊಡಗಿದ್ದರು, ಅಂಗಡಿಯ ಶೆಟ್ಟರು ಬಾಕಿ ಬರೆದಂತೆ. ಬೆಲ್ಜಿಯಂನ ಜೀನ್ ಪಿರಾರ್ 1947ರಿಂದ 1973ರವರೆಗೆ 4,400 ರೋಗಿಗಳನ್ನು ಗಮನಿಸಿದರು. ಸಕ್ಕರೆ ಎಷ್ಟು ವರ್ಷ ಹತೋಟಿ ತಪ್ಪಿತ್ತೋ ಅದಕ್ಕೆ ತಕ್ಕಂತೆ ಕಣ್ಣು, ಮೂತ್ರಪಿಂಡ, ನರಗಳಿಗೆ ಹೆಚ್ಚು ಹಾನಿ ಎಂದು ಆ ದಾಖಲೆಗಳೇ ತೋರಿಸಿದವು. ಅನುಮಾನ ಪಡುವವರ ಬಾಯಿ ಮುಚ್ಚಿಸಲು 1993 ಮತ್ತು 1998ರ ದೊಡ್ಡ ಪ್ರಯೋಗಗಳು ಬೇಕಾದವು, ಆ ಮಾತು ಬೇರೆ.

ಇಷ್ಟೆಲ್ಲ ಓದಲು ಕಾರಣ ನಮ್ಮಪ್ಪ. ಅವರ ರಿಪೋರ್ಟುಗಳೆಲ್ಲ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಮೂರು ಊರು, ಐದು ಲ್ಯಾಬು. ಕ್ರಿಯಾಟಿನಿನ್ 0.8, ಆಮೇಲೆ 1.0, ಆಮೇಲೆ 1.2. ಪ್ರತಿ ಹಾಳೆಯಲ್ಲೂ 'ನಾರ್ಮಲ್' ಎಂದೇ ಅಚ್ಚಾಗಿತ್ತು, ಪ್ರತಿ ವೈದ್ಯರೂ ಒಂದೊಂದು ಹಾಳೆಯನ್ನಷ್ಟೇ ನೋಡಿದ್ದರು. ಎಲ್ಲವನ್ನೂ ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ತಂದಾಗ ಗೆರೆ ಮೇಲಕ್ಕೇ ಏರುತ್ತಿತ್ತು. ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿದೆವು. ತಡವಾಗಿತ್ತು, ಪೂರ್ತಿ ತಡವಾಗಿರಲಿಲ್ಲ.

2021ರಿಂದ ಸರ್ಕಾರ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತಿದೆ. ಊರು ಬದಲಾದರೂ ದಾಖಲೆ ರೋಗಿಯ ಜೊತೆ ಬರಲಿ ಎಂದು. ಅಪ್ಪನಿಗೂ ಮಾಡಿಸಿದ್ದೇನೆ. ಆದರೆ ಹಳೆಯ ಹಾಳೆಗಳನ್ನು ಅದು ತಾನಾಗಿ ಹುಡುಕಿ ತರುವುದಿಲ್ಲ. ನನ್ನ ಎಕ್ಸೆಲ್‌ನಲ್ಲಿ 2016 ಮತ್ತು 2017 ಇನ್ನೂ ಖಾಲಿ. ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಬೇಕು.