ಪಹಣಿಯ ಚುಕ್ಕೆ, ಪರದೆಯ ಗೊಂದಲ: ಜಾಲತಾಣ ವಿನ್ಯಾಸದಲ್ಲಿ ಆಗಬಾರದ ತಪ್ಪುಗಳು

ಅಕ್ಕೂರು (ಚನ್ನಪಟ್ಟಣ ತಾಲ್ಲೂಕು): ಊರಿನಲ್ಲಿ ತಂದೆಯ ಹೆಸರಿನ ಜಮೀನು, ತಮ್ಮ ವಾಸ ಬೆಂಗಳೂರಿನಲ್ಲಿ. ಇಂಥ ಸ್ಥಿತಿಯಲ್ಲಿರುವ ಅಕ್ಕೂರಿನವರೊಬ್ಬರು ಅಂತರ್ಜಾಲದಲ್ಲಿ ಪಹಣಿ ತೆರೆದಿದ್ದಾರೆಂದು ಭಾವಿಸೋಣ. ವಿಸ್ತೀರ್ಣದ ಕಲಂನಲ್ಲಿ, ಕೊನೆಯ ಸೊನ್ನೆಗಳನ್ನು ಬಿಟ್ಟರೆ, 2.20 ಎಂದಿದೆ. ನಗರದಲ್ಲಿ ಬೆಳೆದ ಕಣ್ಣು ಅದನ್ನು ‘ಎರಡು ಪಾಯಿಂಟ್ ಎರಡು ಎಕರೆ’ ಎಂದು ಓದುತ್ತದೆ. ಆದರೆ ಅಲ್ಲಿರುವ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಎಕರೆಯನ್ನು ಗುಂಟೆಯಿಂದ ಬೇರ್ಪಡಿಸುವ ಗುರುತು ಮಾತ್ರ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಆದ್ದರಿಂದ 2.20 ಎಂದರೆ ಎರಡೂವರೆ ಎಕರೆ.

ವ್ಯತ್ಯಾಸ ಸಣ್ಣದಲ್ಲ. ದಶಮಾಂಶದ ಲೆಕ್ಕದಲ್ಲಿ 2.2 ಎಕರೆಯೆಂದರೆ 2 ಎಕರೆ 8 ಗುಂಟೆ. ಕೈಬಿಟ್ಟು ಹೋದದ್ದು 12 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ 13,068 ಚದರ ಅಡಿ. ರಸ್ತೆ ಇತ್ಯಾದಿಗಳನ್ನು ಲೆಕ್ಕಿಸದಿದ್ದರೆ 30×40ರ ಹತ್ತು ನಿವೇಶನಗಳಿಗೂ ಮಿಕ್ಕ ನೆಲ. ಇದೇ ಅಂಕಿಗಳನ್ನು ಗಣಕದ ಲೆಕ್ಕದ ಹಾಳೆಗೆ ಹಾಕಿದರೆ ಕಥೆ ಇನ್ನೂ ಕೆಡುತ್ತದೆ. 1.30ಕ್ಕೆ 1.30 ಕೂಡಿಸಿದರೆ ಯಂತ್ರ 2.60 ಎನ್ನುತ್ತದೆ, ನೆಲದ ಮೇಲೆ ಅದು 3 ಎಕರೆ 20 ಗುಂಟೆ. ಅಣ್ಣತಮ್ಮಂದಿರ ಪಾಲುಪಟ್ಟಿ ಸಿದ್ಧವಾಗುವಾಗ ಇಂಥ ಕೂಡಿಕೆಯೊಂದು ನುಸುಳಿದರೆ ಅದರ ಪರಿಣಾಮ ನ್ಯಾಯಾಲಯದ ಮೆಟ್ಟಿಲವರೆಗೂ ಹೋಗಬಲ್ಲದು.

ಓದುಗನನ್ನು ಅವಿವೇಕಿ ಎನ್ನುವುದು ಸುಲಭ. ತಪ್ಪು ಮಾತ್ರ ಪರದೆಯದು. ‘2 ಎಕರೆ 20 ಗುಂಟೆ’ ಎಂದು ಅಕ್ಷರದಲ್ಲಿ ಬರೆಯಲು ಬೇಕಾಗುವುದು ಹೆಚ್ಚೆಂದರೆ ಒಂದು ಅಂಗುಲ ಜಾಗ.

ತಂತ್ರಾಂಶದ ಪರದೆ, ಗುಂಡಿ, ಪಟ್ಟಿ, ಪೆಟ್ಟಿಗೆಗಳ ಒಟ್ಟು ವ್ಯವಸ್ಥೆಗೆ ಯೂಸರ್ ಇಂಟರ್‌ಫೇಸ್ ಎಂದೂ, ಅದನ್ನು ಬಳಸುವಾತನಿಗೆ ಆರಂಭದಿಂದ ಕೊನೆಯವರೆಗೆ ಆಗುವ ಒಟ್ಟು ಅನುಭವಕ್ಕೆ ಯೂಸರ್ ಎಕ್ಸ್‌ಪೀರಿಯೆನ್ಸ್ ಎಂದೂ ಹೆಸರು. ಎರಡನೆಯ ಮಾತು 1990ರ ದಶಕದಲ್ಲಿ ಆಪಲ್ ಸಂಸ್ಥೆಯಲ್ಲಿದ್ದ ಡೊನಾಲ್ಡ್ ನಾರ್ಮನ್ ಅವರಿಂದ ಚಲಾವಣೆಗೆ ಬಂತು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದಿದ್ದರೆ ದೋಷ ಬಾಗಿಲಿನದೆಂದು ಅವರು 1988ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು.

ಭೂಮಿ ಕಲಿಸಿದ ಪಾಠ

ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಒಳ್ಳೆಯ ಉದಾಹರಣೆಯೂ ಇದೆ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದಾಗ ಪ್ರತಿಯೊಂದಕ್ಕೆ ಶುಲ್ಕ 15 ರೂಪಾಯಿ. ಅದಕ್ಕೂ ಮೊದಲು ಒಂದು ಪ್ರತಿಗಾಗಿ ಮೂರರಿಂದ ಮೂವತ್ತು ದಿನ ಅಲೆಯಬೇಕಿತ್ತು. ಕೈ ಬಿಸಿ ಮಾಡುವ ಖರ್ಚು ಬೇರೆ. ಗಣಕೀಕರಣದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಆ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇರಿಸಲಾಗಿತ್ತು. ಸಿಬ್ಬಂದಿ ಏನು ಮಾಡುತ್ತಿದ್ದಾರೆಂಬುದು ಕಿಟಕಿಯಾಚೆ ನಿಂತವನಿಗೂ ಕಾಣುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ತಂತ್ರಾಂಶವನ್ನು ಕಟ್ಟಲಾಗಿತ್ತು. ‘ವ್ಯವಸ್ಥೆಯ ಸ್ಥಿತಿ ಬಳಕೆದಾರನಿಗೆ ಸದಾ ಕಾಣುತ್ತಿರಬೇಕು’ ಎಂಬುದು 1994ರಲ್ಲಿ ಜೇಕಬ್ ನೀಲ್ಸನ್ ರೂಪಿಸಿದ ಹತ್ತು ಸೂತ್ರಗಳಲ್ಲಿ ಮೊದಲನೆಯದು. ಎರಡನೆಯ ಪರದೆ ಅದನ್ನೇ ಪಾಲಿಸಿತ್ತು.

ಸೇವೆ ಮನೆಯ ಗಣಕಕ್ಕೂ ಮೊಬೈಲಿಗೂ ಬಂದಾಗ ಕಿಟಕಿಯಾಚೆಯ ಸಿಬ್ಬಂದಿ ಇಲ್ಲವಾದರು. ಅವರ ಕಚೇರಿಯ ಭಾಷೆ ಮಾತ್ರ ಪರದೆಯ ಮೇಲೆ ಉಳಿಯಿತು. ಪಹಣಿ ಹುಡುಕುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿ ಸರ್ವೆ ನಂಬರ್ ತುಂಬಿದ ಮೇಲೆ ‘ಸರ್ನೋಕ್’ ಎಂಬ ಪೆಟ್ಟಿಗೆ ಎದುರಾಗುತ್ತದೆ. ಬಹುಪಾಲು ಅದರೊಳಗೆ ಇರುವುದು ಒಂದೇ ಆಯ್ಕೆ, ಒಂದು ನಕ್ಷತ್ರ ಚಿಹ್ನೆ. ಬೇರೆಲ್ಲ ಅರ್ಜಿಗಳಲ್ಲಿ ನಕ್ಷತ್ರಕ್ಕೆ ‘ಕಡ್ಡಾಯ’ ಎಂಬ ಅರ್ಥವಿರುವುದರಿಂದ, ಏನನ್ನೋ ಬಿಟ್ಟಿದ್ದೇನೆಂದು ಹೊಸಬ ಗಲಿಬಿಲಿಗೊಳ್ಳುವುದು ಸಹಜ. ಒಂದೇ ಆಯ್ಕೆಯಿರುವ ಕಡೆ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಯಂತ್ರವೇ ಅದನ್ನು ಆರಿಸಿಕೊಳ್ಳಬಹುದು. ಹೋಬಳಿಯದೂ ಇದೇ ಪಾಡು. ಊರಿನ ಹೆಸರು ಎಲ್ಲರಿಗೂ ಗೊತ್ತು, ಹೋಬಳಿ ಹಲವರಿಗೆ ಗೊತ್ತಿಲ್ಲ. ‘ಅಕ್ಕೂರು’ ಎಂದು ಬರೆದ ಕೂಡಲೇ ತಾಲ್ಲೂಕು, ಹೋಬಳಿಗಳನ್ನು ತಾನೇ ತುಂಬಿ, ಸರಿಯೇ ಎಂದು ಕೇಳುವ ಪರದೆ ತಯಾರಿಸುವುದು ಇಂದು ಕಷ್ಟದ ಕೆಲಸವಲ್ಲ. ಆದರೆ ಹುಡುಕುವ ಪೆಟ್ಟಿಗೆ ಇಂಗ್ಲಿಷಿನ ಒಂದೇ ಕಾಗುಣಿತವನ್ನು ನೆಚ್ಚಿಕೊಂಡಿದ್ದರೆ ಊರೇ ಸಿಗದು. ಅಕ್ಕೂರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನಿಷ್ಠ ಮೂರು ಬಗೆಯಲ್ಲಿ ಬರೆಯಬಹುದು.

ಜಿಲ್ಲೆ ಯಾವುದು?

ಅಕ್ಕೂರು ಇದ್ದಲ್ಲೇ ಇದೆ. ಅದರ ಜಿಲ್ಲೆ ಮಾತ್ರ ಬದಲಾಗುತ್ತಲೇ ಬಂದಿದೆ. 1986ಕ್ಕೆ ಮೊದಲು ಬೆಂಗಳೂರು ಜಿಲ್ಲೆ, ಆ ಬಳಿಕ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. 1980ರಲ್ಲಿ ಹುಟ್ಟಿದವರು ‘ಹುಟ್ಟಿದ ಜಿಲ್ಲೆ’ ಎಂಬ ಪೆಟ್ಟಿಗೆಯಲ್ಲಿ ಏನನ್ನು ಆರಿಸಬೇಕು? ಹಳೆಯ ಪ್ರಮಾಣಪತ್ರದಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ತಾಳೆಯಾಗದೆ ತಿರಸ್ಕೃತವಾಗುವ ಭಯ ಅವರಿಗೆ. ಇದರ ಮೇಲೆ ಇನ್ನೊಂದು ತೊಡಕು. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಬರಿದೇ ‘ಬೆಂಗಳೂರು ದಕ್ಷಿಣ’ ಎಂದು ತೋರಿಸುವ ಪಟ್ಟಿ ಮೂರರಲ್ಲಿ ಯಾವುದನ್ನು ಹೇಳುತ್ತಿದೆಯೆಂದು ಊಹಿಸಬೇಕಾಗುತ್ತದೆ. ‘ಬೆಂಗಳೂರು ದಕ್ಷಿಣ ಜಿಲ್ಲೆ (ಹಿಂದಿನ ರಾಮನಗರ)’ ಎಂದು ಬರೆದರೆ ಮುಗಿಯಿತು.

ಹೆಸರಿನ ವಿಚಾರದಲ್ಲೂ ಪರದೆಗಳು ಪಶ್ಚಿಮದ ಅಚ್ಚಿನಲ್ಲಿ ಎರಕಗೊಂಡಿವೆ. ಪಹಣಿಯಲ್ಲಿ ಇಂಥವರು ‘ಬಿನ್’ ಇಂಥವರು, ಇಂಥವರು ‘ಕೋಂ’ ಇಂಥವರು ಎಂಬ ಕ್ರಮ. ಹಳೆ ಮೈಸೂರಿನ ಮನೆಗಳಲ್ಲಿ ಅಡ್ಡಹೆಸರು ಅಪರೂಪ. ಹೆಸರಿನ ಹಿಂದೆ ಊರಿನ, ತಂದೆಯ ಮೊದಲಕ್ಷರ ಇದ್ದರೆ ಅದೇ ಹೆಚ್ಚು. ‘ಕೊನೆಯ ಹೆಸರು’ ಕಡ್ಡಾಯವೆನ್ನುವ ಅರ್ಜಿಯಲ್ಲಿ ಒಬ್ಬರು ಮೊದಲಕ್ಷರ ತುಂಬುತ್ತಾರೆ, ಇನ್ನೊಬ್ಬರು ತಂದೆಯ ಹೆಸರು, ಮತ್ತೊಬ್ಬರು ಚುಕ್ಕೆ. 2024ರಲ್ಲಿ ರಾಜ್ಯದಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ಆರಂಭವಾದ ಮೇಲೆ, ಎರಡು ದಾಖಲೆಗಳ ಹೆಸರು ಒಂದೇ ಆಗಿರುವುದು ಹಿಂದೆಂದಿಗಿಂತಲೂ ಮುಖ್ಯವಾಗಿದೆ. ಪೂರ್ಣ ಹೆಸರಿಗೆ ಒಂದೇ ಉದ್ದನೆಯ ಪೆಟ್ಟಿಗೆ ಸಾಕು.

ಕನ್ನಡದಲ್ಲಿ ಪರದೆ ರೂಪಿಸುವವರು ಅನುವಾದವನ್ನು ಕೊನೆಗೆ ಉಳಿಸಿಕೊಳ್ಳುವುದು ಇನ್ನೊಂದು ಹಳೆಯ ಚಾಳಿ. ‘ಹೋಮ್’ ಎಂಬುದು ಮುಖಪುಟವಾಗುವ ಬದಲು ‘ಮನೆ’ ಆದದ್ದನ್ನು ನೋಡಿ ನಕ್ಕವರು ಹಲವರು. ನಗು ತರಿಸದ ಉದಾಹರಣೆ: ‘ಅರ್ಜಿಯನ್ನು ರದ್ದುಪಡಿಸಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದು’ ಎಂಬ ಎರಡು ಗುಂಡಿಗಳು. ಅರ್ಜಿ ಉಳಿಯಬೇಕೆನ್ನುವವರು ಯಾವುದನ್ನು ಒತ್ತಬೇಕು? ‘ಹೌದು, ರದ್ದುಪಡಿಸಿ’, ‘ಬೇಡ, ಅರ್ಜಿ ಇರಲಿ’ ಎಂದು ಗುಂಡಿಯ ಮೇಲೆಯೇ ಬರೆದರೆ ಗೊಂದಲವಿಲ್ಲ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಅಳೆದು ಇಟ್ಟರೆ ಕನ್ನಡದ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ. ‘ಅಕ್ಕೂರು’ ‘ಅಕೂರು’ ಆಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾದ ಪುಟಗಳಂತೂ ಆ ಶೈಲಿ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ, ಹುಡುಕಾಟಕ್ಕೂ ಸಿಗುವುದಿಲ್ಲ.

ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳು ಸುಂದರವೆಂಬ ಭ್ರಮೆಯೂ ವ್ಯಾಪಕ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ವ್ಯತ್ಯಾಸವಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಮೊಬೈಲ್ ನೋಡುವವರಿಗೆ ಅದೂ ಕಡಿಮೆಯೇ.

ಪರದೆ ಕೆಟ್ಟದಾಗಿದ್ದರೆ ತರಬೇತಿಯೂ ಕೈಕೊಡುತ್ತದೆ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿಬ್ಯಾಂಕ್, ರೆವ್ಲಾನ್ ಕಂಪೆನಿಯ ಸಾಲಿಗರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಪಾವತಿಸುವ ಬದಲು 90 ಕೋಟಿ ಡಾಲರಿನಷ್ಟು ಮೊತ್ತವನ್ನು ಕಳುಹಿಸಿಬಿಟ್ಟಿತು. ಪರದೆಯಲ್ಲಿ ಮೂರು ಪೆಟ್ಟಿಗೆಗಳನ್ನು ಗುರುತಿಸಬೇಕಿದ್ದ ಕಡೆ ಒಂದನ್ನೇ ಗುರುತಿಸಲಾಗಿತ್ತು. ಮೂವರು ಪರಿಶೀಲಿಸಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ. ಕಾನೂನು ಹೋರಾಟ 2022ರವರೆಗೂ ನಡೆಯಿತು. ‘ಇಷ್ಟು ಹಣ ಹೊರಗೆ ಹೋಗಲಿದೆ’ ಎಂದು ಮೊತ್ತ, ಪಡೆಯುವವರ ಸಹಿತ ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಕೇಳುವುದು ಪರದೆಯ ಕರ್ತವ್ಯ.

ಮೇಲಿನವೆಲ್ಲ ಅಜಾಗರೂಕತೆಯ ತಪ್ಪುಗಳು. ಬೇಕೆಂದೇ ದಾರಿ ತಪ್ಪಿಸುವ ವಿನ್ಯಾಸಗಳು ಬೇರೆ. ಕೇಳದೆಯೇ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾದಾರಿಕೆಯಿಂದ ಹೊರಬರುವ ದಾರಿಯನ್ನು ಬಚ್ಚಿಡುವುದು ಮೊದಲಾದ 13 ಬಗೆಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ.

ತಪ್ಪು ಹಿಡಿಯುವ ಉಪಾಯ ದುಬಾರಿಯಲ್ಲ. ಐವರು ಬಳಕೆದಾರರನ್ನು ಕೂರಿಸಿ ನೋಡಿದರೆ ಬಹುಪಾಲು ದೋಷಗಳು ಬಯಲಾಗುತ್ತವೆಂದು ನೀಲ್ಸನ್ 2000ದಲ್ಲೇ ಬರೆದಿದ್ದರು. ಆದರೆ ಆ ಐವರು ತಂತ್ರಾಂಶ ಕಂಪೆನಿಯ ಸಹೋದ್ಯೋಗಿಗಳಾಗಿರಬಾರದು. ಅಕ್ಕೂರಿನಂಥ ಊರಿನ ಒಬ್ಬ ಹಿಡುವಳಿದಾರ, ಓದು ಬಾರದ ತಾಯಿಯ ಪರವಾಗಿ ಅರ್ಜಿ ತುಂಬುವ ಮಗಳು, ಕನ್ನಡಕ ಮನೆಯಲ್ಲೇ ಬಿಟ್ಟು ಬಂದ ಹಿರಿಯರು, ದುರ್ಬಲ ಸಿಗ್ನಲ್ಲಿನ ಹಳೆಯ ಮೊಬೈಲ್ ಇರುವವರು, ನಗರದಿಂದ ತಂದೆಯ ಜಮೀನು ನೋಡುವ ಮಗ, ಇವರಿರಲಿ. ‘ಈ ಪಹಣಿಯಲ್ಲಿ ಎಷ್ಟು ಜಮೀನಿದೆ, ಯಾರ ಹೆಸರಿನಲ್ಲಿದೆ, ಸಾಲವಿದೆಯೇ’ ಎಂದಷ್ಟೇ ಕೇಳಬೇಕು. ಮಾಲೀಕರ ಹೆಸರು 9ನೆಯ ಕಲಂನಲ್ಲಿ, ಋಣದ ವಿವರ 11ರಲ್ಲಿ ಇರುತ್ತವೆಂದು ಯಾರೂ ಹೇಳಿಕೊಡಕೂಡದು. ಪಕ್ಕದಲ್ಲಿ ಕುಳಿತ ವಿನ್ಯಾಸಕಾರ ಬಾಯಿ ತೆರೆಯದೆ, ಬೆರಳು ಎಲ್ಲಿ ತಡೆಯಿತು ಎಂಬುದನ್ನು ಮಾತ್ರ ಬರೆದುಕೊಳ್ಳಬೇಕು.