‘ಮಾಬ್’ ಎಂದರೆ ಯಾರು? ಪದವೊಂದರ ಹಿನ್ನೆಲೆ

ಗಲಭೆಯ ವರದಿಗಳಲ್ಲಿ ಆಂಗ್ಲ ಪತ್ರಿಕೆಗಳು ಧಾರಾಳವಾಗಿ ಬಳಸುವ ‘ಮಾಬ್’ ಎಂಬ ಪದವು ಲ್ಯಾಟಿನ್ ಭಾಷೆಯ ‘ಮೊಬಿಲೆ ವುಲ್ಗುಸ್’ ಎಂಬ ಪದಪುಂಜದ ತುಂಡು. ‘ಮೊಬಿಲೆ’ ಎಂದರೆ ಚಲಿಸುವ, ಚಂಚಲವಾದ. ‘ವುಲ್ಗುಸ್’ ಎಂದರೆ ಸಾಮಾನ್ಯ ಜನ. ಗಾಳಿ ಬಂದತ್ತ ವಾಲುವ ಜನಸಮೂಹವೆಂಬುದು ಒಟ್ಟರ್ಥ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಮೊದಲು ‘ಮೊಬಿಲೆ’ ಎಂದು, ಶತಮಾನದ ಕೊನೆಯ ದಶಕಗಳಲ್ಲಿ ‘ಮಾಬ್’ ಎಂದು ಮೊಟಕಾಯಿತು. ಮೊಬೈಲ್ ಫೋನಿನ ಹೆಸರೂ ಇದೇ ಮೂಲದ್ದು.

ಗಲಿವರನ ಪ್ರವಾಸಗಳನ್ನು ಬರೆದ ಜೊನಾಥನ್ ಸ್ವಿಫ್ಟ್‌ಗೆ ಈ ಮೊಟಕು ರೂಪ ಹಿಡಿಸಿರಲಿಲ್ಲ. 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಆತ ಇದನ್ನು ಖಂಡಿಸಿದರೂ ಪದವು ನಿಲ್ಲಲಿಲ್ಲ.

ಪದದೊಳಗೆ ಹುಟ್ಟಿನಿಂದಲೇ ತೀರ್ಪೊಂದು ಅಡಗಿದೆ. ಬೀದಿಗಿಳಿದವರಿಗೆ ಬೀದಿಗಿಳಿಯದವರು ಇಟ್ಟ ಹೆಸರಿದು. (2003ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ‘ಫ್ಲ್ಯಾಷ್ ಮಾಬ್’ ಮಾತ್ರ ಇದಕ್ಕೆ ಅಪವಾದವೆನ್ನಬಹುದು.) ಕನ್ನಡದ ‘ದೊಂಬಿ’ ಇದಕ್ಕಿಂತ ಭಿನ್ನ. ಇಂದಿನ ಬಳಕೆಯಲ್ಲಿ ಅದು ಜನರನ್ನಲ್ಲ, ಕೃತ್ಯವನ್ನು ಹೆಸರಿಸುತ್ತದೆ. ಜನರನ್ನು ಸೂಚಿಸಲು ನಮ್ಮ ಪತ್ರಿಕೆಗಳು ‘ಉದ್ರಿಕ್ತ ಗುಂಪು’ ಎನ್ನುತ್ತವೆ; ಗುಂಪು ಎಂಬುದರಲ್ಲಿ ದೋಷವಿಲ್ಲ, ವಿಶೇಷಣವೇ ಆರೋಪವನ್ನು ಹೊರಬೇಕು.

ಕಾನೂನು ಸ್ವಭಾವವನ್ನು ಅಳೆಯದೆ ತಲೆ ಎಣಿಸುತ್ತದೆ. ಬ್ರಿಟನ್ನಿನಲ್ಲಿ 1715ರಲ್ಲಿ ಜಾರಿಗೆ ಬಂದ ಗಲಭೆ ಕಾಯ್ದೆಯಂತೆ, ಶಾಂತಿಭಂಗ ಮಾಡುತ್ತ ಸೇರಿದ 12 ಅಥವಾ ಹೆಚ್ಚು ಮಂದಿ, ಅಧಿಕಾರಿ ಘೋಷಣೆ ಓದಿದ ಒಂದು ಗಂಟೆಯೊಳಗೆ ಚದುರದಿದ್ದರೆ ಮರಣದಂಡನೆಗೆ ಗುರಿಯಾಗಬೇಕಿತ್ತು. ಭಾರತೀಯ ದಂಡ ಸಂಹಿತೆಯ 141ನೇ ಕಲಮು ‘ಅಕ್ರಮ ಕೂಟ’ಕ್ಕೆ ಐವರನ್ನು ನಿಗದಿಪಡಿಸಿತು. ಆ ಕೂಟವು ಬಲಪ್ರಯೋಗ ಅಥವಾ ಹಿಂಸೆಗಿಳಿದರೆ ಅದು ದೊಂಬಿ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನರು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಮೊಬೈಲೇ ‘ಮಾಬ್’ ಅನ್ನು ಕೂಡಿಸಿತ್ತು. ಅದೇ ತಿಂಗಳ 17ರಂದು ಸುಪ್ರೀಂ ಕೋರ್ಟ್, ಗುಂಪುಹತ್ಯೆ ತಡೆಗೆ ಪ್ರತ್ಯೇಕ ಕಾನೂನು ರಚಿಸುವಂತೆ ಸಂಸತ್ತಿಗೆ ಶಿಫಾರಸು ಮಾಡಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಮಿನಲ್ಲಿ ‘ಮಾಬ್’ ಎಂಬ ಪದವೇ ಇಲ್ಲ. ಜನಾಂಗ, ಜಾತಿ, ಭಾಷೆ, ನಂಬಿಕೆ ಮುಂತಾದ ಕಾರಣಕ್ಕೆ ಐವರು ಅಥವಾ ಹೆಚ್ಚು ಜನರು ಒಟ್ಟಾಗಿ ಕೊಲೆಗೈದರೆ, ಅವರಲ್ಲಿ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ, ಜತೆಗೆ ದಂಡ ಎಂದಷ್ಟೇ ಅದು ಹೇಳುತ್ತದೆ.